ಗೆರೆ ಒರೆಸುವ ಮೊದಲು ಒಮ್ಮೆ ನೋಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಸಿನಿಮಾ ಪುಟದಲ್ಲಿ ಹಳೆಯ ಕಾರ್ಟೂನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೊಳೆದು ಹೊಸದು ಮಾಡುವ ಬಗ್ಗೆ ಲೇಖನ ಬಂದಿತ್ತು. ಚೆನ್ನಾಗಿಯೇ ಇತ್ತು. ಆದರೆ ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡೆ. ಕೈಯಲ್ಲಿ ಬಿಡಿಸಿದ ಹಳೆಯ ಚಿತ್ರಗಳಲ್ಲಿ ಗೆರೆಗಳು ನಡುಗುತ್ತವೆ, ಈ ದೋಷವನ್ನು ಈಗ ಸುಲಭವಾಗಿ ತೆಗೆಯಬಹುದು ಎಂದು ಬರೆದಿದ್ದರು. ದೋಷವಂತೆ! ನಾಲ್ಕು ದಿನ ಸುಮ್ಮನಿದ್ದೆ. ಐದನೇ ದಿನ ಪೆನ್ನು ಹಿಡಿದೆ. ಪತ್ರ ಉದ್ದವಾಯಿತು ಅನಿಸಿದರೆ ಕತ್ತರಿ ಹಾಕಿ, ಬೇಜಾರಿಲ್ಲ. ಗೆರೆಯ ವಿಷಯ ಮಾತ್ರ ಉಳಿಸಿ.

ನಾನು ಸಿನಿಮಾ ತಿಳಿದವಳಲ್ಲ. 31 ವರ್ಷ ಟ್ರೇಸರ್ ಆಗಿದ್ದವಳು. ಈಗಿನವರಿಗೆ ಆ ಕೆಲಸ ಏನೆಂದು ಗೊತ್ತಿರಲಿಕ್ಕಿಲ್ಲ. ಡ್ರಾಫ್ಟ್ಸ್‌ಮನ್ ಯಂತ್ರದ ಭಾಗವನ್ನು ಪೆನ್ಸಿಲಿನಲ್ಲಿ ಬರೆದು ಕೊಡುತ್ತಿದ್ದರು. ಅದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಅದೇ ಗೆರೆಯನ್ನು ನಾವು ಇಂಕಿನಲ್ಲಿ ಮತ್ತೆ ಎಳೆಯಬೇಕು. ದಪ್ಪ ಗೆರೆಗೆ ಒಂದು ಪೆನ್ನು, ತೆಳು ಗೆರೆಗೆ ಇನ್ನೊಂದು. ತಪ್ಪಿದರೆ ಬ್ಲೇಡಿನಲ್ಲಿ ಹೆರೆದು ತೆಗೆಯಬೇಕು. ಜಾಸ್ತಿ ಹೆರೆದರೆ ಹಾಳೆ ತೂತು, ಮತ್ತೆ ಮೊದಲಿನಿಂದ. ಅಂಗೈ ಬೆವರು ಹಾಳೆಗೆ ತಾಗಿದರೆ ಆ ಜಾಗದಲ್ಲಿ ಇಂಕು ನಿಲ್ಲುವುದಿಲ್ಲ. ಅದಕ್ಕೇ ಕೈ ಕೆಳಗೆ ಸದಾ ಒಂದು ಕರ್ಚೀಫು. ಹಾಳೆಯ ಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. ಬರೆದವರು, ಟ್ರೇಸ್ ಮಾಡಿದವರು, ತಪಾಸಣೆ ಮಾಡಿದವರು ಎಂದು ಅದರಲ್ಲಿ ಮೂರು ಸಾಲು. ನಡುವಿನ ಸಾಲಿನಲ್ಲಿ ನನ್ನ ಹೆಸರಿನ ಎರಡು ಅಕ್ಷರ. ನನ್ನ ಕೀರ್ತಿಯೆಲ್ಲ ಆ ಎರಡಕ್ಷರದಲ್ಲಿತ್ತು.

ಕಾರ್ಟೂನಿನ ಹುಚ್ಚು ಹಿಡಿಸಿದ್ದು ಮೊಮ್ಮಗ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಟ್ಯಾಬ್ ಹಿಡಿದು ಏನೋ ನೋಡುತ್ತಿದ್ದ. ಚಿತ್ರ ನಡುವೆಯೇ ನಿಂತುಹೋಯಿತು. ಪರದೆಯ ಮೇಲೆ ಒಂದು ವಿಚಿತ್ರ ಆಕಾರ. ಒಂದು ತಲೆ ಕಲಸಿದ ಹಿಟ್ಟಿನ ಹಾಗೆ ಈ ಕಡೆಯಿಂದ ಆ ಕಡೆಗೆ ಎಳೆದುಕೊಂಡಿದೆ. ಕಣ್ಣು ಎರಡರ ಬದಲು ನಾಲ್ಕು. "ಅಜ್ಜಿ, ಇವರಿಗೆ ಬಿಡಿಸೋಕೇ ಬರಲ್ಲ" ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಮಾಡಿ ನೋಡಿದೆವು. ಹಿಂದಿನದರಲ್ಲಿ ಪಾತ್ರ ಎಡಕ್ಕೆ ನೋಡುತ್ತಿದೆ. ಮುಂದಿನದರಲ್ಲಿ ಬಲಕ್ಕೆ. ನಡುವೆ ಆ ಎಳೆದ ತಲೆ, ಒಂದೇ ಒಂದು ಫ್ರೇಮ್. ಓಡಿಸಿದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ, ತಲೆ ಸರ್ರನೆ ತಿರುಗಿದ್ದಷ್ಟೇ ಕಾಣುತ್ತದೆ. ಯಾರಿಗೂ ಕಾಣದಿರಲಿ ಎಂದೇ ಇಷ್ಟು ಜೋಪಾನವಾಗಿ ಚಿತ್ರ ಬಿಡಿಸುವವರೂ ಇದ್ದಾರಲ್ಲ ಎಂದು ಬೆರಗಾಯಿತು. ಇದಕ್ಕೆ ಸ್ಮಿಯರ್ ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಅಮೆರಿಕದ ಚಕ್ ಜೋನ್ಸ್ 1942ರ 'ದ ಡೋವರ್ ಬಾಯ್ಸ್' ಎಂಬ ಕಿರುಚಿತ್ರದಲ್ಲಿ ಇದನ್ನು ಧಾರಾಳವಾಗಿ ಬಳಸಿದ್ದಾರೆ.

ಅವತ್ತಿನಿಂದ ನಾವಿಬ್ಬರೂ ನೋಡುವುದಕ್ಕಿಂತ ನಿಲ್ಲಿಸುವುದೇ ಜಾಸ್ತಿ. ಏಳು ನಿಮಿಷದ ಚಿತ್ರಕ್ಕೆ ಒಂದು ಇಡೀ ಸಂಜೆ ಬೇಕು. ಮನೆಯಲ್ಲಿ ಉಳಿದವರು ನಮ್ಮ ಪಕ್ಕ ಕೂರುವುದನ್ನು ಬಿಟ್ಟಿದ್ದಾರೆ.

ಲೆಕ್ಕ ಗೊತ್ತಿದ್ದರೆ ಬೆರಗು ಹೆಚ್ಚುತ್ತದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ವೇಗದ ಓಟವಿದ್ದರೆ ಪೂರ್ತಿ 24 ಬೇಕು. 1937ರ 'ಸ್ನೋ ವೈಟ್' 83 ನಿಮಿಷದ ಚಿತ್ರ. ಕಾಗದದ ಮೇಲೆ ಗುಣಿಸಿ ನೋಡಿದೆ: 1,19,520 ಫ್ರೇಮ್. ಅದರಲ್ಲೂ ಕೆಲವು ಕಡೆ ಏಳು ಕುಳ್ಳರೂ ಒಟ್ಟಿಗೆ ಬರುತ್ತಾರೆ. ಏಳು ಮೂಗು, ಏಳು ಟೋಪಿ, ಏಳು ನಡಿಗೆ. ಒಬ್ಬನ ನಡಿಗೆ ಇನ್ನೊಬ್ಬನಂತಿಲ್ಲ.

ಎಲ್ಲವನ್ನೂ ಒಬ್ಬರೇ ಬಿಡಿಸುವುದಿಲ್ಲ. ಮುಖ್ಯ ಭಂಗಿಗಳನ್ನು ಆನಿಮೇಟರ್ ಬಿಡಿಸುತ್ತಾರೆ, ಅವು ಕೀ ಡ್ರಾಯಿಂಗ್. ನಡುವಿನವನ್ನು ತುಂಬುವವರು ಇನ್‌ಬಿಟ್ವೀನರ್. ಯಾವುದು ಎಲ್ಲಿ ಬರಬೇಕು ಎಂದು ಹೇಳಲು ಆನಿಮೇಟರ್ ಹಾಳೆಯ ಅಂಚಿನಲ್ಲಿ ಒಂದು ಪುಟ್ಟ ಏಣಿ ಬರೆದಿರುತ್ತಾರೆ. ಒಂದು ನಿಂತ ಗೆರೆ, ಅದಕ್ಕೆ ಅಡ್ಡ ಗೀಟುಗಳು. ಹಳೆಯ ಹಾಳೆಯೊಂದರ ಫೋಟೋದಲ್ಲಿ ಅದನ್ನು ನೋಡಿದಾಗ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಅದು ನನಗೆ ಗೊತ್ತಿರುವ ಭಾಷೆ, ಅಳತೆಯ ಭಾಷೆ. ಗೀಟುಗಳು ಕೊನೆಯಲ್ಲಿ ಒತ್ತೊತ್ತಾಗಿದ್ದರೆ ಎತ್ತಿದ ಕೈ ಮೆಲ್ಲಗೆ ಬಂದು ನಿಲ್ಲುತ್ತದೆ. ಎಲ್ಲ ಸಮವಾಗಿದ್ದರೆ ಕೈ ಗಡಿಯಾರದ ಮುಳ್ಳಿನಂತೆ ಚಲಿಸುತ್ತದೆ. ಎತ್ತಿದವನು ಸುಸ್ತಾಗಿದ್ದಾನೋ ಸಿಟ್ಟಾಗಿದ್ದಾನೋ ಎನ್ನುವುದು ಆ ಏಣಿಯ ಮೆಟ್ಟಿಲಲ್ಲೇ ತೀರ್ಮಾನವಾಗಿಬಿಡುತ್ತದೆ.

ಬಿಡಿಸುವಾಗ ಹಾಳೆಗಳನ್ನು ಪೆಗ್ ಎಂಬ ಪುಟ್ಟ ಗೂಟಗಳಿಗೆ ಸಿಕ್ಕಿಸಿ, ಬೆರಳುಗಳ ಸಂದಿಯಲ್ಲಿ ಹಿಡಿದು, ಮುಂದೆ ಹಿಂದೆ ಮಗುಚುತ್ತಾ ಚಲನೆ ನೋಡಿಕೊಳ್ಳುತ್ತಾರೆ. ನಾನೂ ಐದು ಹಾಳೆ ಹಿಡಿದು ನೋಡಿದೆ. ಎರಡು ದಿನ ಕಿರುಬೆರಳು ನೋಯುತ್ತಿತ್ತು.

ಒಬ್ಬ ಕಲಾವಿದನ ಬಗ್ಗೆ ಹೇಳಲೇಬೇಕು. ಡಿಸ್ನಿಯ ಬಿಲ್ ಟೈಟ್ಲಾ. 1940ರ 'ಫ್ಯಾಂಟೇಸಿಯಾ'ದಲ್ಲಿ ಬೆಟ್ಟದ ತುದಿಯೇ ಬಿಚ್ಚಿಕೊಂಡು ರೆಕ್ಕೆಯ ದೈತ್ಯನಾಗುತ್ತದಲ್ಲ, ಅದನ್ನು ಬಿಡಿಸಿದ್ದು ಇವರು. ಭುಜದ ಒಂದೊಂದು ಮಾಂಸಖಂಡಕ್ಕೂ ತೂಕವಿದೆ. ಮೊಮ್ಮಗ ಅವತ್ತು ರಾತ್ರಿ ದೀಪ ಆರಿಸಲು ಬಿಡಲಿಲ್ಲ. ಮರುವರ್ಷ ಬಂದ 'ಡಂಬೋ'ದಲ್ಲಿ ಆನೆಮರಿಗೆ ತಾಯಿ ಸ್ನಾನ ಮಾಡಿಸುವ ದೃಶ್ಯವಿದೆ. ಮರಿ ತಪ್ಪಿಸಿಕೊಂಡು ತಾಯಿಯ ಕಾಲುಗಳ ಸಂದಿಯಲ್ಲಿ ನುಸುಳಿ ಓಡುತ್ತದೆ. ಅದನ್ನು ಬಿಡಿಸಿದ್ದೂ ಅದೇ ಟೈಟ್ಲಾ! ತನ್ನ ಪುಟ್ಟ ಮಗನನ್ನು ನೋಡಿಕೊಂಡೇ ಬಿಡಿಸಿದೆ ಎಂದು ಅವರು ಹೇಳಿಕೊಂಡಿದ್ದರು. ಅವರು ಹೇಳದಿದ್ದರೂ ಮಗು ತೊಳೆದವರಿಗೆ ಗೊತ್ತಾಗುತ್ತದೆ. ಸೋಪು ಹಚ್ಚಿದ ಮಗು ಕೈಯಿಂದ ಜಾರುವಾಗ ಮೊದಲು ಹೊಟ್ಟೆ ಜಾರುತ್ತದೆ, ಆಮೇಲೆ ತಲೆ. ಆನೆಮರಿಯೂ ಹಾಗೇ.

ಚಕ್ ಜೋನ್ಸ್ ಅವರದು ಬೇರೆಯೇ ದಾರಿ. 1952ರ 'ಫೀಡ್ ದ ಕಿಟ್ಟಿ'ಯಲ್ಲಿ ಒಂದು ದಢೂತಿ ಬುಲ್‌ಡಾಗ್ ಒಂದು ಪುಟಾಣಿ ಬೆಕ್ಕಿನ ಮರಿಯನ್ನು ಹಚ್ಚಿಕೊಳ್ಳುತ್ತದೆ. ಆ ಮರಿ ಬಿಸ್ಕತ್ತಿನ ಹಿಟ್ಟಿನೊಳಗೆ ಸೇರಿ ಬೆಂದುಹೋಯಿತೆಂದು ನಾಯಿ ತಪ್ಪು ತಿಳಿಯುತ್ತದೆ. ಮನೆಯೊಡತಿ ಬೆಕ್ಕಿನಾಕಾರದ ಒಂದು ಬಿಸ್ಕತ್ತನ್ನು ಅದಕ್ಕೇ ಕೊಡುತ್ತಾಳೆ. ನಾಯಿ ಅದನ್ನು ತಿನ್ನುವುದಿಲ್ಲ. ಮರಿ ಮಲಗುತ್ತಿದ್ದ ತನ್ನ ಬೆನ್ನಿನ ಮೇಲೆ ಮೆತ್ತಗೆ ಇಟ್ಟುಕೊಳ್ಳುತ್ತದೆ. ನಿಲ್ಲಿಸಿ ಎಣಿಸಿದರೆ ಆ ಮುಖದಲ್ಲಿ ಗೆರೆಗಳೇ ಕಡಿಮೆ. ಹುಬ್ಬು, ಕಣ್ಣಿನ ಕೆಳರೆಪ್ಪೆ, ಜೋತ ತುಟಿ. ಅಷ್ಟರಲ್ಲೇ ನಮ್ಮನ್ನು ನಗಿಸಿ ಕಣ್ಣೊರೆಸಿಕೊಳ್ಳುವಂತೆ ಮಾಡುತ್ತಾರೆ. ನಾಯಿ ಮೇಲೆ ನನಗೆ ಅಂಥ ಪ್ರೀತಿ ಏನಿಲ್ಲ, ಆದರೂ.

ಈಗ ನಡುಗುವ ಗೆರೆಗೆ ಬರುತ್ತೇನೆ.

1914ರಲ್ಲಿ ವಿನ್ಸರ್ ಮೆಕೇ ಎಂಬ ಅಮೆರಿಕದ ಚಿತ್ರಗಾರ ಗರ್ಟಿ ಎಂಬ ಡೈನೋಸಾರ್ ಹೆಣ್ಣನ್ನು ಕುಣಿಸಿದರು. ಸಾವಿರಾರು ಹಾಳೆ. ಸೆಲ್ ಎಂಬ ಪಾರದರ್ಶಕ ಹಾಳೆ ಬಳಸುವ ರೂಢಿ ಆಗ ಇನ್ನೂ ಬಂದಿರಲಿಲ್ಲ. ಅರ್ಲ್ ಹರ್ಡ್ ಎಂಬ ಆನಿಮೇಟರ್ ಅದರ ಪೇಟೆಂಟಿಗೆ ಅರ್ಜಿ ಹಾಕಿದ್ದೇ ಆ ವರ್ಷದ ಕೊನೆಗೆ, ಸಿಕ್ಕಿದ್ದು 1915ರಲ್ಲಿ. ಹಾಗಾಗಿ ಗರ್ಟಿಯ ಜೊತೆಗೆ, ಅಲ್ಲಾಡದೆ ನಿಂತ ಬಂಡೆಯನ್ನೂ ಮರವನ್ನೂ ಒಂದೊಂದು ಹಾಳೆಯಲ್ಲೂ ಹೊಸದಾಗಿ ಬರೆಯಬೇಕಿತ್ತು. ಆ ಕೆಲಸವನ್ನು ಮಾಡಿದವರು ಜಾನ್ ಫಿಟ್ಸ್‌ಸಿಮನ್ಸ್, ಆಗಿನ್ನೂ ಚಿತ್ರಕಲೆ ಕಲಿಯುತ್ತಿದ್ದ ಹುಡುಗ. ಮೆಕೇ ಡೈನೋಸಾರ್ ಬಿಡಿಸುತ್ತಿದ್ದರು, ಈ ಹುಡುಗ ಹಿನ್ನೆಲೆಯನ್ನು ಟ್ರೇಸ್ ಮಾಡುತ್ತಿದ್ದ. ಚಿತ್ರ ನೋಡಿದರೆ ಬೆಟ್ಟದ ಅಂಚು ಸದಾ ಮಿಣಮಿಣ ಅನ್ನುತ್ತಿರುತ್ತದೆ. ಬೆಟ್ಟ ನಡುಗುತ್ತದೆಯೇ? ಇಲ್ಲ. ಅದು ಒಬ್ಬ ಟ್ರೇಸರ್‌ನ ಕೈ. ನೂರು ವರ್ಷದ ಮೇಲಾದರೂ ಅವನು ಕೂತು ಎಳೆದ ಒಂದೊಂದು ಗೆರೆಯೂ ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ. ನಿಮ್ಮ ಲೇಖಕರು ದೋಷ ಅಂದದ್ದು ನಮ್ಮ ಕುಲದವನೊಬ್ಬನ ಕೈಬರಹವನ್ನು. ನನಗೆ ಸಿಟ್ಟು ಬಂದದ್ದು ತಪ್ಪಲ್ಲ ಅಲ್ವಾ?

ಎರಡು ಸಲ ಎಳೆದ ಗೆರೆ ಯಾವತ್ತೂ ಒಂದೇ ಆಗುವುದಿಲ್ಲ. ಸ್ಕೇಲ್ ಇಟ್ಟು, ಕರ್ವ್ ಇಟ್ಟು ಎಳೆದ ನಾನೇ ಹೇಳುತ್ತಿದ್ದೇನೆ. ಬರಿಗೈಯಲ್ಲಿ ಎಳೆದವರ ಕಥೆ ಕೇಳಬೇಕೆ?

ಸೆಲ್ ಬಂದ ಮೇಲೆ ಒಂದೇ ಹಿನ್ನೆಲೆಯ ಮೇಲೆ ಪಾತ್ರದ ಸೆಲ್ಲುಗಳನ್ನಷ್ಟೇ ಬದಲಿಸಿದರಾಯಿತು, ಹಿನ್ನೆಲೆಯ ನಡುಕ ನಿಂತಿತು. ಆದರೆ ಟ್ರೇಸಿಂಗ್ ಇನ್ನೂ ಜಾಸ್ತಿಯಾಯಿತು. ಆನಿಮೇಟರ್‌ನ ಪೆನ್ಸಿಲ್ ಚಿತ್ರದ ಮೇಲೆ ಸೆಲ್ ಇಟ್ಟು, ನಿಬ್ಬಿನಲ್ಲಿ ಇಂಕು ಅದ್ದಿ, ಅದೇ ಗೆರೆ ಎಳೆಯಬೇಕು. ಡಿಸ್ನಿ ಸ್ಟುಡಿಯೋದಲ್ಲಿ ಈ ವಿಭಾಗದಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಅವರ ಫೋಟೋ ನೋಡಿ. ಕೈಗೆ ಬಿಳಿ ಹತ್ತಿಯ ಗ್ಲೌಸ್, ಪೆನ್ನು ಹಿಡಿಯುವ ಬೆರಳುಗಳ ಕಡೆ ಮಾತ್ರ ಕತ್ತರಿಸಿದ್ದು. ಬೆವರು ಸೆಲ್ಲಿಗೆ ತಾಗಬಾರದೆಂದು! ನನ್ನ ಕರ್ಚೀಫಿನ ದೊಡ್ಡಮ್ಮ ಅದು.

ಅವರ ಕೆಲಸದ ಮುಂದೆ ನನ್ನದು ಏನೂ ಅಲ್ಲ, ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ನನ್ನ ಗೆರೆ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ ಇದ್ದರೆ ಸಾಕಿತ್ತು. ಅವರ ಗೆರೆ ತೆಳ್ಳಗೆ ಶುರುವಾಗಿ, ಗಲ್ಲದ ಕೆಳಗೆ ತುಂಬಿಕೊಂಡು, ಮತ್ತೆ ಕೂದಲೆಳೆಯಾಗಿ ಮುಗಿಯಬೇಕು. ನುಣುಪು ಸೆಲ್ಲಿನ ಮೇಲೆ ನಿಬ್ಬು ಜಾರುತ್ತದೆ. ಕೆನ್ನೆಗೆ ಕಪ್ಪು ಅಂಚು ಒರಟಾಗುತ್ತದೆ ಎಂದು ಕೆನ್ನೆಯ ಬಣ್ಣಕ್ಕೇ ಹೊಂದುವ ಇಂಕಿನಲ್ಲಿ ಗೆರೆ ಎಳೆಯುತ್ತಿದ್ದರು. ಬಣ್ಣ ತುಂಬುವುದು ಸೆಲ್ಲಿನ ಹಿಂಬದಿಯಲ್ಲಿ, ಮುಂದಿನ ಗೆರೆ ಮುಚ್ಚಿಹೋಗಬಾರದಲ್ಲ. ಸೆಲ್ಲುಗಳನ್ನು ಒಂದರ ಮೇಲೊಂದು ಇಟ್ಟಾಗ ಕೆಳಗಿನ ಬಣ್ಣ ಸ್ವಲ್ಪ ಮಂಕಾಗುತ್ತದೆ. ಅದಕ್ಕೆ ಸರಿಯಾಗಿ ಮೊದಲೇ ಬಣ್ಣ ಬದಲಿಸಿ ಕಲಸಿಡಬೇಕು. ಸ್ನೋ ವೈಟ್‌ನ ಕೆನ್ನೆಯ ಕೆಂಪನ್ನು ಸೆಲ್ಲಿನ ಮೇಲೆ ಒಂದೊಂದಾಗಿ ಕೈಯಲ್ಲೇ ಹಚ್ಚಿದವರೂ ಇವರೇ. ಓಡುವ ಚಿತ್ರದಲ್ಲಿ ಆ ಕೆಂಪು ಜಾಗ ಬಿಟ್ಟು ಕದಲುವುದಿಲ್ಲ.

ಇವರ ಹೆಸರು ಪರದೆಯ ಮೇಲೆ ಬರಲಿಲ್ಲ. ನನಗಾದರೂ ಮೂಲೆಯ ಚೌಕದಲ್ಲಿ ಎರಡಕ್ಷರ ಸಿಕ್ಕಿತ್ತು.

ಇನ್ನು 1961. 'ಒನ್ ಹಂಡ್ರೆಡ್ ಆ್ಯಂಡ್ ಒನ್ ಡಾಲ್ಮೇಶಿಯನ್ಸ್' ಚಿತ್ರಕ್ಕೆ ಡಿಸ್ನಿಯ ಅಬ್ ಐವರ್ಕ್ಸ್ ಜೆರಾಕ್ಸ್ ಯಂತ್ರವನ್ನು ಒಗ್ಗಿಸಿಕೊಂಡರು. ಪೆನ್ಸಿಲ್ ಚಿತ್ರ ನೇರವಾಗಿ ಸೆಲ್ಲಿಗೆ ಅಚ್ಚಾಗತೊಡಗಿತು. ಅಷ್ಟು ನಾಯಿಗಳ ಅಷ್ಟು ಚುಕ್ಕೆಗಳನ್ನು ಕೈಯಲ್ಲಿ ಇಂಕು ಮಾಡುವುದು ಆಗುಹೋಗುವ ಮಾತಲ್ಲ, ಒಪ್ಪುತ್ತೇನೆ. ವಾಲ್ಟ್ ಡಿಸ್ನಿಗೆ ಆ ಒರಟು ಗೆರೆ ಹಿಡಿಸಲಿಲ್ಲ. ಬಿಡಿಸಿದವರಿಗೆ ಮಾತ್ರ ತಮ್ಮದೇ ಪೆನ್ಸಿಲ್ ಗೆರೆ ಪರದೆಗೆ ಬಂತೆಂಬ ಸಂತೋಷ. ಇಂಕು ಮಾಡುತ್ತಿದ್ದ ಕೈಗಳಿಗೆ ಕೆಲಸ ತಪ್ಪಿತು. 1990ರ 'ದ ರೆಸ್ಕ್ಯೂಅರ್ಸ್ ಡೌನ್ ಅಂಡರ್' ಹೊತ್ತಿಗೆ ಬಣ್ಣ ತುಂಬುವುದೂ ಕಂಪ್ಯೂಟರಿಗೆ ಹೋಯಿತು.

ನಮ್ಮಲ್ಲೂ ಹಾಗೇ ಆಯಿತು. ಒಂದು ಸೋಮವಾರ ಕಚೇರಿಗೆ ಹೋದರೆ ನನ್ನ ಟೇಬಲ್ ಇದ್ದ ಜಾಗದಲ್ಲಿ ತಾನೇ ಗೆರೆ ಎಳೆಯುವ ಪ್ಲಾಟರ್ ಯಂತ್ರ ನಿಂತಿತ್ತು. ನನ್ನ ಪೆನ್ನುಗಳನ್ನು ಯಾರೋ ಒಂದು ಶೂ ಡಬ್ಬದಲ್ಲಿ ಹಾಕಿ ಕಿಟಕಿಯ ಮೇಲೆ ಇಟ್ಟಿದ್ದರು. ಉಳಿದ ವರ್ಷಗಳನ್ನು ಫೈಲು ಜೋಡಿಸುತ್ತಾ ಕಳೆದೆ. ಅಳು ಬರಲಿಲ್ಲ. ಆ ಪ್ಲಾಟರ್ ಗೆರೆ ನನ್ನದಕ್ಕಿಂತ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಯಂತ್ರದ ಭಾಗಕ್ಕೆ ಬೇಕಾದದ್ದು ಅಂಥ ಗೆರೆಯೇ. ಹುಲಿಗೆ ಬೇಕಾದದ್ದು ಬೇರೆ.

ಹುಲಿ ಅಂದರೆ ಶೇರ್ ಖಾನ್, 1967ರ 'ದ ಜಂಗಲ್ ಬುಕ್'. ಬಿಡಿಸಿದ್ದು ಮಿಲ್ಟ್ ಕಾಲ್. ಡಿಸ್ನಿಯಲ್ಲಿ 'ಒಂಬತ್ತು ಮುದುಕರು' ಎಂದು ಕರೆಸಿಕೊಂಡ ಹಿರಿಯ ಆನಿಮೇಟರ್‌ಗಳಲ್ಲಿ ಒಬ್ಬರು. (ಆ ಒಂಬತ್ತರಲ್ಲಿ ಕೊನೆಯವರು ಆಲಿ ಜಾನ್‌ಸ್ಟನ್, 2008ರಲ್ಲಿ ತೀರಿಕೊಂಡರು.) ಶೇರ್ ಖಾನ್ ಮೊದಲು ಕಾಣಿಸುವುದು ಜಿಂಕೆಯನ್ನು ಹೊಂಚುವಾಗ. ನಿಲ್ಲಿಸಿ ನಿಲ್ಲಿಸಿ ನೋಡಿ. ಹೆಜ್ಜೆ ಇಟ್ಟ ಕಡೆಯ ಹೆಗಲು ಏಳುತ್ತದೆ, ಇನ್ನೊಂದು ಇಳಿಯುತ್ತದೆ, ಮೈಮೇಲಿನ ಪಟ್ಟೆಗಳು ಚರ್ಮದ ಜೊತೆ ಬಾಗುತ್ತವೆ. ಒಂದೊಂದು ಚಿತ್ರದಲ್ಲೂ ಅಷ್ಟೂ ಪಟ್ಟೆ! ಗಲ್ಲದ ಸುತ್ತ ಅಳಿಸದೆ ಬಿಟ್ಟ ಪೆನ್ಸಿಲ್ ಗೆರೆಗಳು ಹಾಗೇ ಉಳಿದಿವೆ. ಮೊದಲು ಒಂದು ಗೆರೆ ಹಾಕಿ, ಸಾಲದು ಎಂದು ಪಕ್ಕದಲ್ಲಿ ಇನ್ನೊಂದು ಹಾಕಿದ್ದಾರೆ. ಒಬ್ಬ ಮನುಷ್ಯ ಯೋಚಿಸಿದ್ದು ಕಾಣುತ್ತದೆ.

ಈ ಎರಡು ಗೆರೆಯಲ್ಲಿ ಒಂದನ್ನು ಒರೆಸುವುದನ್ನೇ ಸ್ವಚ್ಛ ಮಾಡುವುದು ಅಂತಾರೆ. ಧೂಳು ತೆಗೆಯಲಿ, ಫಿಲ್ಮಿನ ಗೀರು ತೆಗೆಯಲಿ, ಮಾಸಿದ ಬಣ್ಣ ಸರಿಮಾಡಲಿ. ಯಾರು ಬೇಡ ಅಂದರು? ಆದರೆ ಧೂಳು ಹುಡುಕುವ ತಂತ್ರಾಂಶಕ್ಕೆ ಧೂಳು ಯಾವುದು, ಮೀಸೆ ಯಾವುದು ಗೊತ್ತಾಗುವುದಿಲ್ಲ. ವೇಗವಾಗಿ ಓಡುವ ಬೆಕ್ಕಿನ ಕಾಲಿನ ಅಂಚನ್ನೇ ಕೊಳೆ ಎಂದುಕೊಂಡು ತಿಂದುಬಿಡುತ್ತದೆ. ಹಳೆಯ ಕಿರುಚಿತ್ರಗಳ ಕೆಲವು ಡಿಸ್ಕುಗಳಲ್ಲಿ ಹೀಗೆ ಆಗಿದೆ. ಒಂದೇ ಚಿತ್ರದ ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನಿಲ್ಲಿಸಿದರೆ, ಒಂದರಲ್ಲಿ ಇರುವ ಗೆರೆ ಇನ್ನೊಂದರಲ್ಲಿ ನಡುವೆ ಮುರಿದಿರುತ್ತದೆ. ನನ್ನ ಕಾಲದಲ್ಲಿ ಅಂಥ ಹಾಳೆ ತಪಾಸಣೆಯವರ ಕೈಗೆ ಹೋಗಿದ್ದರೆ ಮುಖದ ಮೇಲೆ ಎಸೆಯುತ್ತಿದ್ದರು.

ಇದು ಬರೀ ಹಳೆಯ ಕಾಲದ, ಅಮೆರಿಕದ ಮಾತಲ್ಲ. ಜಪಾನಿನ ಮಿಯಾಝಾಕಿಯವರ 2013ರ 'ದ ವಿಂಡ್ ರೈಸಸ್'ನಲ್ಲಿ ಭೂಕಂಪದ ನಂತರದ ಒಂದು ಜನಜಂಗುಳಿ ಇದೆ. ನಾಲ್ಕು ಸೆಕೆಂಡಿನ ದೃಶ್ಯ. ಎಯ್ಜಿ ಯಾಮಾಮೋರಿ ಅದಕ್ಕಾಗಿ ಒಂದು ವರ್ಷ ಮೂರು ತಿಂಗಳು ಕೂತಿದ್ದರು. ನಮ್ಮ ದೇಶದಲ್ಲಿ ರಾಮ್ ಮೋಹನ್ ಇದ್ದರು. 1956ರಲ್ಲಿ ಸರ್ಕಾರದ ಫಿಲ್ಮ್ಸ್ ಡಿವಿಜನ್ನಿನ ಕಾರ್ಟೂನ್ ವಿಭಾಗ ಸೇರಿದವರು. ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಅಲ್ಲಿಗೆ ಬಂದು ಕೆಲಸ ಕಲಿಸಿದ್ದರು. ಸತ್ಯಜಿತ್ ರಾಯ್ ಅವರ 'ಶತರಂಜ್ ಕೆ ಖಿಲಾಡಿ'ಯಲ್ಲಿ ಬರುವ ಆನಿಮೇಷನ್ ತುಣುಕು ರಾಮ್ ಮೋಹನ್ ಅವರದು. ಆ ಸಿನಿಮಾ ನೋಡಿದ ಎಷ್ಟು ಜನಕ್ಕೆ ಆ ಹೆಸರು ನೆನಪಿದೆ? ನಾನೇ ಎರಡು ಸಲ ನೋಡಿದ್ದೆ, ಗೊತ್ತಿರಲಿಲ್ಲ.

ನನ್ನದೊಂದು ಕೋರಿಕೆ. ನಿಮ್ಮ ಪತ್ರಿಕೆಯಲ್ಲಿ ಇಂಥ ಚಿತ್ರದ ಒಂದು ತುಣುಕನ್ನು ಅಚ್ಚು ಮಾಡಿದಾಗ ಕೆಳಗೆ ಸಿನಿಮಾದ ಹೆಸರು, ಸ್ಟುಡಿಯೋದ ಹೆಸರು ಹಾಕುತ್ತೀರಿ. ಅದರ ಪಕ್ಕ ಬಿಡಿಸಿದವರ ಹೆಸರನ್ನೂ ಹಾಕಿ. ಯಾವ ಪಾತ್ರವನ್ನು ಯಾರು ಬಿಡಿಸಿದರು ಎಂಬುದು ಎಷ್ಟೋ ಚಿತ್ರಗಳಿಗೆ ಈಗ ಸಿಗುತ್ತದೆ. ಒಂಬತ್ತು ವರ್ಷದ ಹುಡುಗನೇ ಹುಡುಕಿ ಕೊಡುತ್ತಾನೆ. ಇಂಕು ಮಾಡಿದವರ ಹೆಸರು ಸಿಗುವುದು ಕಷ್ಟ. 'ಇಂಕು: ಹೆಸರು ಉಳಿದಿಲ್ಲ' ಎಂದಾದರೂ ಹಾಕಿ. ಆ ಸಾಲು ಖಾಲಿ ಇದೆ ಎಂದು ಓದುಗರಿಗೆ ತಿಳಿಯಲಿ.

ಹೋದ ತಿಂಗಳು ಆ ಶೂ ಡಬ್ಬ ಹುಡುಕಿ ತೆಗೆದೆ. ಒಂದು ಪೆನ್ನಿಗೆ ಮಾತ್ರ ಇನ್ನೂ ಜೀವ ಇತ್ತು. ಟ್ಯಾಬನ್ನು ಮೇಜಿನ ಮೇಲೆ ಮಲಗಿಸಿ, ಬೆಳಕು ಪೂರ್ತಿ ಏರಿಸಿ, ಶೇರ್ ಖಾನ್ ನಡೆಯುವ ಒಂದು ಸೆಕೆಂಡನ್ನು ಟ್ರೇಸ್ ಮಾಡಲು ಕೂತೆ. 12 ಹಾಳೆ. ಪೆನ್ನು ಸ್ವಲ್ಪ ಒತ್ತಿದರೆ ಸಾಕು, ಹುಲಿ ಎದ್ದು ಓಡಿಬಿಡುತ್ತಿತ್ತು. ಮೊಮ್ಮಗ ಪಕ್ಕದಲ್ಲಿ ಕೂತು ಪ್ರತಿ ಸಲ ಅದನ್ನು ಹಿಡಿದು ತಂದು ನಿಲ್ಲಿಸಬೇಕು. ಹನ್ನೊಂದು ದಿನ ಹಿಡಿಯಿತು. ಕರ್ಚೀಫು ಕೈ ಕೆಳಗೇ ಇತ್ತು. ಮುಗಿದ ಮೇಲೆ ಹಾಳೆಗಳಿಗೆ ಕ್ಲಿಪ್ ಹಾಕಿ ಅವನ ಕೈಗೆ ಕೊಟ್ಟೆ. ಹೆಬ್ಬೆರಳಲ್ಲಿ ಪಟಪಟ ಬಿಟ್ಟು ನೋಡಿದ.

"ಅಜ್ಜಿ, ನಿನ್ನ ಹುಲಿ ನಡುಗ್ತಿದೆ."

"ನಡುಗಲಿ ಬಿಡೋ" ಅಂದೆ.

ಇಂತಿ,
ಒಬ್ಬ ನಿವೃತ್ತ ಟ್ರೇಸರ್